ದಾಂಪತ್ಯಕ್ಕೆ ಪುರಾವೆ

ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯನ್ನು ವಿಜಯದಾಸರ ಜನ್ಮಸ್ಥಳವೆಂದು ಸಾಹಿತ್ಯಾಸಕ್ತರೆಲ್ಲರೂ ಬಲ್ಲರು. ಆ ಊರಿನ ಸೊಸೆಯೊಬ್ಬಳು ಈಚೆಗೆ ಕಡತವೊಂದನ್ನು ಹಿಡಿದು ರಾಯಚೂರಿನ ನನ್ನ ಮನೆಗೆ ಬಂದಳು. ತವರು ದೇವದುರ್ಗ, ಗಂಡ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಖಾಯಂ ನಿವಾಸಿ. ಮದುವೆಯಾದ ಇಪ್ಪತ್ತನೆಯ ದಿನ ಆತ ರಜೆ ಮುಗಿದು ಹಿಂದಿರುಗಿದ್ದ. ಆಕೆಯ ವೀಸಾ ಅರ್ಜಿಗೆ ಈಗ, ಈ ಸಂಬಂಧ ನಿಜವಾದುದೆಂಬುದಕ್ಕೆ ಇನ್ನಷ್ಟು ಪುರಾವೆ ಒದಗಿಸಿರೆಂಬ ಓಲೆ ಬಂದಿತ್ತು.

ಊರೆಲ್ಲ ಅಕ್ಷತೆ ಹಾಕಿದ ಮದುವೆಗೆ ಪುರಾವೆಯೇ ಎಂದು ಆಕೆಯ ಮಾವ ಸಿಡುಕಿದರಂತೆ. ಅವರ ಸಿಡುಕು ಸಹಜ. 1955ರ ಹಿಂದೂ ವಿವಾಹ ಕಾಯಿದೆಯೂ, ಸಪ್ತಪದಿ ಇರುವ ಕಡೆ ಏಳನೆಯ ಹೆಜ್ಜೆಗೆ ಮದುವೆ ಪೂರ್ಣವಾಯಿತೆಂದೇ ಹೇಳುತ್ತದೆ. ನೋಂದಣಿಯಾಗಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಹೇಳಿದ ಮೇಲೆ ಆ ಪತ್ರವೂ ಕೈಗೆ ಬರುತ್ತಿದೆ. ಆದರೆ ನೋಂದಣಿ ಪತ್ರ ಮದುವೆ ನಡೆಯಿತೆಂದಷ್ಟೇ ಹೇಳಬಲ್ಲದು. ಬಾಳುವೆ ನಡೆಯುತ್ತಿದೆಯೆಂದು ಹೇಳಲಾರದು. ಪರದೇಶದ ಅಧಿಕಾರಿ ಕೇಳುವುದು ಈ ಎರಡನೆಯದನ್ನು.

ಆಸ್ಟ್ರೇಲಿಯದ 1994ರ ವಲಸೆ ನಿಯಮಗಳು ಈ ಬಾಳುವೆಯನ್ನು ನಾಲ್ಕು ಮುಖಗಳಿಂದ ನೋಡುತ್ತವೆ: ಹಣಕಾಸು, ಮನೆವಾರ್ತೆ, ಸಮಾಜದ ಅರಿವು, ಪರಸ್ಪರ ನಿಷ್ಠೆ. ಹಣದ ಮಾತು ಸುಲಭ. ಆತ ಕಳಿಸಿದ ಹಣದ ಬ್ಯಾಂಕ್ ಲೆಕ್ಕವಿತ್ತು. ಮನೆವಾರ್ತೆಗೆ ಏನು ಮಾಡುವುದು? ದಂಪತಿಗಳು ಒಂದೇ ಸೂರಿನಡಿ ಇಲ್ಲ. ಆದರೆ ಶಾಶ್ವತವಾಗಿ ಬೇರೆಯಾಗಿರಬಾರದೆಂಬುದಷ್ಟೇ ಕಾನೂನಿನ ಆಗ್ರಹ. ಅತ್ತೆಯ ಮನೆಯ ರೇಷನ್ ಕಾರ್ಡಿನಲ್ಲಿ ಆಕೆಯ ಹೆಸರು ಸೇರಿತ್ತು, ಆಧಾರ್ ವಿಳಾಸ ಚೀಕಲಪರ್ವಿಗೆ ಬದಲಾಗಿತ್ತು. ಇವೆಲ್ಲ ಪುರಾವೆಯೆಂದು ಆ ಮನೆಯವರಿಗೆ ಹೊಳೆದೇ ಇರಲಿಲ್ಲ.

ಸಮಾಜದ ಅರಿವೆಂದರೆ, ಬಂಧುಮಿತ್ರರು ಇವರನ್ನು ಗಂಡಹೆಂಡಿರೆಂದು ಬಲ್ಲರೇ ಎಂಬುದು. ಲಗ್ನಪತ್ರಿಕೆ, ಛಾಯಾಚಿತ್ರ, ಬಲ್ಲವರ ಹೇಳಿಕೆಗಳು ಇದಕ್ಕೆ ಸಲ್ಲುತ್ತವೆ. ನಾನು ಮುಯ್ಯಿ ಪಟ್ಟಿಯನ್ನು ತರಹೇಳಿದೆ. ಮದುವೆಯ ದಿನ ಚಪ್ಪರದ ಮೂಲೆಯಲ್ಲಿ ಕುಳಿತು, ಯಾರು, ಯಾವ ಊರು, ಎಷ್ಟು ಎಂದು ಒಬ್ಬ ಬರೆದುಕೊಂಡ ಆ ನೋಟುಬುಕ್ಕು ಮರಳಿ ಮುಯ್ಯಿ ತೀರಿಸುವುದಕ್ಕಾಗಿ ಇಟ್ಟದ್ದು, ವೀಸಾಕ್ಕೆಂದು ಸೃಷ್ಟಿಸಿದ್ದಲ್ಲ. ಅದಕ್ಕೇ ಅದಕ್ಕೆ ಬೆಲೆ.

ನಗರದ ದಲ್ಲಾಳಿಯೊಬ್ಬ ಬೇರೆ ಉಪಾಯ ಸೂಚಿಸಿದ್ದನಂತೆ: ಜಂಟಿ ಬಾಡಿಗೆಪತ್ರವೊಂದನ್ನು ಹಿಂದಿನ ತಾರೀಖಿಗೆ ಬರೆಸಿಬಿಡಿ ಎಂದು. ಬೇಡವೇ ಬೇಡವೆಂದೆ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಅರ್ಜಿ ತಿರಸ್ಕೃತವಾಗುವುದಲ್ಲದೆ ಮೂರು ವರ್ಷ ಬಾಗಿಲು ಮುಚ್ಚಬಹುದು. ನಿಜವಾದ ಮದುವೆಯೇ ಆಗ ಸುಳ್ಳಾಗುತ್ತದೆ.

ಹಾಗೆಂದು ಅಧಿಕಾರಿಗಳ ಶಂಕೆಗೆ ಮಿತಿಯಿರಬಾರದೆಂದಲ್ಲ. ಮದುವೆಯಾಗಲು ಲಂಡನ್ನಿನಲ್ಲಿಳಿದ ಭಾರತೀಯ ಮಹಿಳೆಯೊಬ್ಬಳನ್ನು ವಿಮಾನನಿಲ್ದಾಣದಲ್ಲಿ ಕನ್ಯತ್ವ ಪರೀಕ್ಷೆಗೆ ಗುರಿಮಾಡಿದ ಸುದ್ದಿ 1979ರಲ್ಲಿ ಬಯಲಾದಾಗ ಇಲ್ಲಿಯೂ ಅಲ್ಲಿಯೂ ಆಕ್ರೋಶವೆದ್ದಿತ್ತು. ಕಾಗದ ಕೇಳುವುದು ಅದಕ್ಕಿಂತ ಎಷ್ಟೋ ಮೇಲು.

ನಾಲ್ಕನೆಯದಾದ ನಿಷ್ಠೆಗೆ ಸಾಕ್ಷಿ ಆಕೆಯ ಮೊಬೈಲಿನಲ್ಲೇ ಇತ್ತು. ದಿನವೂ ರಾತ್ರಿ ‘ಊಟ ಆಯ್ತೇನ್ರಿ’ ಎಂಬ ಒಂದೇ ಸಾಲು, ತಿಂಗಳುಗಟ್ಟಲೆ. ಅನುವಾದಕ್ಕೆ ಕುಳಿತಾಗ ತೊಡಕು ಎದುರಾಯಿತು. ಗಂಡನ ಹೆಸರು ಎಲ್ಲಿಯೂ ಇಲ್ಲ! ಹಬ್ಬದಲ್ಲಿ ಹೆಂಗಸರು ಒತ್ತಾಯಿಸಿದರೆ ಒಡಪಿನಲ್ಲಿ ಹುದುಗಿಸಿ ಹೆಸರು ಹೇಳುವ ಸೀಮೆ ನಮ್ಮದು. ಆ ‘ರೀ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಪದವಿಲ್ಲ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನಾನು ಆ ಒಂದಕ್ಷರಕ್ಕೆ ಐದು ಸಾಲಿನ ಟಿಪ್ಪಣಿ ಬರೆದೆ.

ಇನ್ನು ಉಳಿದದ್ದು ಆಕೆಯ ಸ್ವಂತ ಹೇಳಿಕೆ. ಮೊದಲ ಸಾಲಿಗೇ ಲೇಖನಿ ನಿಂತಿತು.

“ಅವರ ಹೆಸರು ಬರೀಲೇಬೇಕೇನ್ರಿ ಸರ?”

“ಬರೀಬೇಕವ್ವಾ. ಅವರಿಗೆ ಒಡಪು ತಿಳಿಯೋದಿಲ್ಲ.”

ನಕ್ಕಳು, ಬರೆದಳು. ಭಾಷಾಂತರ ಮಾಡಿದವನು ತನ್ನ ಪೂರ್ಣ ಹೆಸರು, ವಿಳಾಸ, ದೂರವಾಣಿ, ಯೋಗ್ಯತೆಗಳನ್ನು ಕಾಣಿಸಬೇಕೆಂಬ ನಿಯಮದಂತೆ ನಾನೂ ಕೆಳಗೆ ಎಂ.ಎ. ಎಂದು ಬರೆದು ಸಹಿ ಹಾಕಿದೆ. ಕಡತ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ.