ಚಿಯು ಜಿನ್: ಕತ್ತಿಯಾಚೆಗಿನ ಕವಿ

ಚೀನಾದ ಕವಿ ಚಿಯು ಜಿನ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ಜಪಾನಿ ಉಡುಪಿನಲ್ಲಿ ಕಿರುಗತ್ತಿ ಹಿಡಿದು ಕೂತ ಫೋಟೊ. ಹುತಾತ್ಮೆ ಎಂದು ಆಕೆಯನ್ನು ಕೊಂಡಾಡಿದವರು ಬಹಳ. ನನಗೆ ಆಕೆಯ ಬದುಕಿನ ತಿರುಳು ಕಾಣುವುದು ಎರಡೇ ಸಂಚಿಕೆ ಕಂಡು ನಿಂತುಹೋದ ಒಂದು ಪತ್ರಿಕೆಯಲ್ಲಿ.

1870ರ ದಶಕದಲ್ಲಿ ಅಧಿಕಾರಿಗಳ ಮನೆತನದಲ್ಲಿ ಹುಟ್ಟಿದ ಹುಡುಗಿ. ಓದು ಸಿಕ್ಕಿತು, ಕವಿತೆ ಒಲಿಯಿತು. ಆದರೆ ಎಳವೆಯಲ್ಲೇ ಪಾದಗಳನ್ನು ಬಟ್ಟೆಯಿಂದ ಬಿಗಿದು ಕಟ್ಟಿದ್ದರು. ಹುನಾನ್ ಪ್ರಾಂತ್ಯದ ಸಿರಿವಂತರ ಮನೆಗೆ ಮದುವೆಯಾಯಿತು, ಇಬ್ಬರು ಮಕ್ಕಳಾದರು. ಗಂಡನೊಂದಿಗೆ ಮನಸ್ಸು ಕೂಡಲಿಲ್ಲ. 1904ರಲ್ಲಿ ಒಡವೆ ಮಾರಿ, ಮಕ್ಕಳನ್ನೂ ಬಿಟ್ಟು, ಓದಲು ಜಪಾನಿಗೆ ಹೊರಟಳು. ಆ ನಿರ್ಧಾರದ ಹಿಂದಿನ ಸಂಕಟವನ್ನು ವೀರಗಾಥೆ ಬರೆಯುವವರು ಬೇಗ ದಾಟಿಬಿಡುತ್ತಾರೆ. ಆಕೆಯ ಕವಿತೆಗಳು ದಾಟುವುದಿಲ್ಲ.

1906ರಲ್ಲಿ ಮರಳಿದವಳು ನಾನ್‌ಶುನ್ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಕಾಲ ಪಾಠ ಹೇಳಿದಳು. ಮುಖ್ಯೋಪಾಧ್ಯಾಯಿನಿ ಶು ಜಿಹುವಾ, ತಾನೂ ಕವಿ, ಆಪ್ತ ಗೆಳತಿಯಾದಳು. ಮರುವರ್ಷದ ಜನವರಿಯಲ್ಲಿ ಶಾಂಘೈನಿಂದ ಚಿಯು ಜಿನ್ ಹೆಂಗಸರಿಗೆಂದೇ ಪತ್ರಿಕೆ ಹೊರಡಿಸಿದಾಗ ಹಣ ಕೊಟ್ಟವರಲ್ಲಿ ಅವಳೂ ಒಬ್ಬಳು. ಅಂದಿನ ಪಂಡಿತರ ಬರವಣಿಗೆ ಓದಬೇಕಾದರೆ ವರ್ಷಗಟ್ಟಲೆ ಅಭ್ಯಾಸ ಬೇಕಿತ್ತು. ಅಷ್ಟು ಬಿಡುವು ಯಾವ ಹೆಣ್ಣಿಗಿತ್ತು? ಹಳೆಯ ಛಂದಸ್ಸಿನಲ್ಲಿ ಪಳಗಿದ ಈ ಕವಿ ಆ ಪಾಂಡಿತ್ಯವನ್ನು ಬದಿಗಿಟ್ಟು, ಅಕ್ಕತಂಗಿಯರೊಡನೆ ಕೂತು ಮಾತಾಡುವ ಆಡುನುಡಿಯಲ್ಲಿ ಬರೆದಳು. ಕಲಿಯಿರಿ, ಕಸುಬು ಹಿಡಿಯಿರಿ, ನಿಮ್ಮ ಅನ್ನ ನೀವೇ ದುಡಿದುಕೊಳ್ಳಿ, ಆಮೇಲೆ ಮನೆಯಲ್ಲೂ ನಿಮ್ಮ ಮಾತಿಗೆ ಬೆಲೆ ಬರುತ್ತದೆ ಎಂಬುದು ಅವಳ ವಾದ. ಬಿಡುಗಡೆಯ ಮಾತನ್ನು ದುಡಿಮೆಯ ಮಾತಿಗೆ ಗಂಟುಹಾಕಿದ್ದೇ ಆಕೆಯ ದೊಡ್ಡತನ ಎಂದು ನಾನು ನಂಬಿದ್ದೇನೆ.

ಹಣ ಸಾಲದೆ ಪತ್ರಿಕೆ ನಿಂತಿತು. ಅಷ್ಟರಲ್ಲಿ ಆಕೆ ಶಾವೊಶಿಂಗ್‌ನ ದಾತೊಂಗ್ ಶಾಲೆಯ ಹೊಣೆ ಹೊತ್ತು, ಅದರ ಮರೆಯಲ್ಲಿ ಚಿಂಗ್ ಅರಸೊತ್ತಿಗೆಯ ವಿರುದ್ಧ ದಂಗೆಗೆ ಸಿದ್ಧತೆ ನಡೆಸಿದ್ದಳು. ಜುಲೈನಲ್ಲಿ ಸಂಗಾತಿ ಶು ಶಿಲಿನ್ ಆನ್‌ಹುಯಿ ಪ್ರಾಂತ್ಯದ ಗವರ್ನರನನ್ನು ಕೊಂದು ಸಿಕ್ಕಿಬಿದ್ದ. ಸುದ್ದಿ ತಿಳಿದರೂ ಅವಳು ಓಡಿಹೋಗಲಿಲ್ಲ. 1907ರ ಜುಲೈ 15ರಂದು ಶಾವೊಶಿಂಗ್‌ನಲ್ಲಿ ಅವಳ ತಲೆ ಕಡಿದರು.

ಮುಂದಿನ ಕಥೆ ಗೆಳತಿಯರದು. ಶು ಜಿಹುವಾ ಮತ್ತು ಹಳೆಯ ಗೆಳತಿ, ಕೈಬರಹದ ಕಲಾವಿದೆ ವು ಜಿಯಿಂಗ್ ಸೇರಿ ಹಾಂಗ್‌ಝೌನ ಪಶ್ಚಿಮ ಸರೋವರದ ದಂಡೆಯಲ್ಲಿ ಜಾಗ ಕೊಂಡು, 1908ರಲ್ಲಿ ಆಕೆಯನ್ನು ಮಣ್ಣು ಮಾಡಿದರು. ರಾಜದ್ರೋಹಿಗೆ ಸಮಾಧಿಯೇ ಎಂದು ಸರ್ಕಾರ ಸಿಟ್ಟಾಯಿತು. ಸಮಾಧಿ ಒಡೆಯಲು, ಕಟ್ಟಿಸಿದವರನ್ನು ಹಿಡಿಯಲು ಒತ್ತಾಯ ಬಂತು. ಶವಪೆಟ್ಟಿಗೆಯನ್ನು ಅಲ್ಲಿಂದ ತೆಗೆಯಬೇಕಾಯಿತು. ಮುಂದೆ ಅದು ಹುನಾನ್‌ಗೆ ಹೋಯಿತು. ಅರಸೊತ್ತಿಗೆ ಬಿದ್ದ ಮೇಲೆ ಮತ್ತೆ ಸರೋವರದ ದಂಡೆಗೆ ಬಂತು. ಅದೇ ಹೊತ್ತಿಗೆ ಶಾಂಘೈನಲ್ಲಿ ಆಕೆಯ ನೆನಪಿಗೆ ಹೆಣ್ಣುಮಕ್ಕಳ ಶಾಲೆಯೊಂದು ತೆರೆಯಿತು. ಶು ಜಿಹುವಾ ಅದನ್ನು ವರ್ಷಾನುಗಟ್ಟಲೆ ನಡೆಸಿ, ಕೊನೆಗೆ ಚಿಯು ಜಿನ್‌ಳ ಮಗಳ ಕೈಗೆ ಒಪ್ಪಿಸಿದಳು.