ಮೊದಲು ಚಿಕಿತ್ಸೆ, ಆಮೇಲೆ ಪೆನ್ನು

ಪೀಣ್ಯದ ಕಾರ್ಖಾನೆಯೊಂದಕ್ಕೆ ಸೇರಿ ತಿಂಗಳಾಗಿತ್ತಷ್ಟೆ. ನನ್ನ ಜೊತೆಗೇ ಸೇರಿದ್ದ ಗೆಳೆಯನ ಬೆರಳು ಪ್ರೆಸ್ ಮಷಿನ್‌ಗೆ ಸಿಕ್ಕಿ ಜಜ್ಜಿಹೋಯಿತು. ಸೂಪರ್‌ವೈಸರ್ ತಾವೇ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ದಾರಿಯಲ್ಲಿ, 'ಮನೇಲಿ ಬಾಗಿಲಿಗೆ ಸಿಕ್ತು ಅಂತ ಹೇಳಪ್ಪ' ಎಂದರು. ಕೆಟ್ಟವರಲ್ಲ, ಮೇಲಿನವರ ಭಯ.

ಆ ಸುಳ್ಳಿನ ಬೆಲೆ ನಮಗೆ ಗೊತ್ತಿರಲಿಲ್ಲ. ಕೆಲಸದಲ್ಲಾದ ಗಾಯಕ್ಕೆ ಇಎಸ್‌ಐ ಸಂಬಳದ ಶೇ 90ರಷ್ಟು ಕೊಡುತ್ತದೆ, ಸೇರಿದ ಮೊದಲ ದಿನವೇ ಪೆಟ್ಟಾಗಿದ್ದರೂ ಸರಿ. ಮನೆಯ ಗಾಯಕ್ಕೆ ಶೇ 70; ಅದಕ್ಕೂ 78 ದಿನಗಳ ವಂತಿಗೆ ಕಟ್ಟಿರಬೇಕು. ಗೆಳೆಯನಿಗೆ ಒಂದು ರೂಪಾಯಿಯೂ ಬರಲಿಲ್ಲ.

ಈಗ ನಾನೂ ಸೂಪರ್‌ವೈಸರ್. ಯಾರಿಗಾದರೂ ಪೆಟ್ಟಾದರೆ ಮೊದಲು ಚಿಕಿತ್ಸೆ. ಅದೇ ಪಾಳಿ ಮುಗಿಯುವುದರೊಳಗೆ ಅಪಘಾತ ಪುಸ್ತಕದಲ್ಲಿ ಸಮಯ, ಮಷಿನ್, ನೋಡಿದವರ ಹೆಸರು ಬರೆಯುತ್ತೇನೆ. ಇಎಸ್‌ಐ ಕಚೇರಿಗೆ ವರದಿ ಹೋಗುವಂತೆ ನೋಡಿಕೊಳ್ಳುತ್ತೇನೆ. ತಪ್ಪು ಯಾರದೆಂಬ ಪಂಚಾಯ್ತಿ ಆಮೇಲೆ.