ಸೀಲ್ ಎಲ್ಲಿ ಕೂರಬೇಕು?

ಜನರಲ್ ಅನಸ್ತೇಷಿಯಾ ಕೊಟ್ಟಾಗ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳಬಹುದು. ಅದನ್ನು ತೆರೆದಿಡೋಕೆ ಹೆಚ್ಚಾಗಿ ಬಳಸೋದು ಎರಡು ಸಾಧನ. ನಮ್ಮ ಎಂಜಿನಿಯರಿಂಗ್ ಭಾಷೇಲಿ ಹೇಳೋದಾದ್ರೆ, ವ್ಯತ್ಯಾಸ ಇರೋದು ಸೀಲ್‌ನಲ್ಲಿ.

ಎಂಡೋಟ್ರೇಕಿಯಲ್ ಟ್ಯೂಬ್ ಧ್ವನಿತಂತುಗಳನ್ನು ದಾಟಿ ಶ್ವಾಸನಾಳದೊಳಗೆ ಹೋಗುತ್ತೆ. ಅದರ ಕಫ್, ಅಂದ್ರೆ ಪುಟ್ಟ ಬಲೂನು, ಉಬ್ಬಿದಾಗ ಹೊಟ್ಟೆಯಿಂದ ಮೇಲೆ ಬಂದದ್ದು ಶ್ವಾಸಕೋಶಕ್ಕೆ ಇಳಿಯದಂತೆ ತಡೆಯುತ್ತೆ. ಕಫ್ ಒತ್ತಡ 20–30 ಸೆಂ.ಮೀ. ನೀರಿನಷ್ಟಿರಬೇಕು: ಕಡಿಮೆಯಾದ್ರೆ ಸೋರಿಕೆ, ಜಾಸ್ತಿಯಾದ್ರೆ ನಾಳದ ಗೋಡೆಗೆ ರಕ್ತ ಸರಿಯಾಗಿ ಹರಿಯಲ್ಲ.

1981ರಲ್ಲಿ ಲಂಡನ್ನಿನಲ್ಲಿ ಡಾ. ಆರ್ಚಿ ಬ್ರೇನ್ ರೂಪಿಸಿದ ಲ್ಯಾರಿಂಜಿಯಲ್ ಮಾಸ್ಕ್ ಧ್ವನಿಪೆಟ್ಟಿಗೆಯ ಮೇಲೇ ಕೂರುತ್ತೆ. ಹಾಕೋದು ಸುಲಭ, ಗಂಟಲುನೋವೂ ಕಡಿಮೆ. ಆದರೆ ಹೊಟ್ಟೆ ಖಾಲಿ ಇಲ್ಲದಿದ್ರೆ ಈ ಸೀಲನ್ನು ನಂಬೋ ಹಾಗಿಲ್ಲ.

ಹಾಗಾಗಿ ಆಪರೇಷನ್‌ಗೆ ಮುಂಚೆ 'ಏನಾದ್ರೂ ತಿಂದಿದ್ದೀರಾ?' ಅಂತ ಕೇಳಿದ್ರೆ, ಅರ್ಧ ಲೋಟ ಕಾಫಿ ಕುಡಿದಿದ್ರೂ ಹೇಳಿಬಿಡೋಣ.